ತಯಾರಿಕೆ ನಿಂತುಹೋದ ಒಂದು ಚಿಪ್‌ಗಾಗಿ

ತುಮಕೂರು ನಿಲ್ದಾಣದಲ್ಲಿ ಮುಂಬಯಿಯ ದಾದರಿಗೆ ಹೋಗುವ ರೈಲು ಹತ್ತಿದಾಗ ನನ್ನ ಬಳಿ ಇದ್ದ ಸಾಮಾನು ಎರಡೇ. ಒಂದು, ಬಟ್ಟೆಯ ಕೈಚೀಲ. ಇನ್ನೊಂದು, ಉಕ್ಕಿನ ಊಟದ ಡಬ್ಬಿ. ಡಬ್ಬಿಯಲ್ಲಿ ಊಟವಿರಲಿಲ್ಲ, ರೇಷ್ಮೆಯ ರವಿಕೆ ಕಣದಲ್ಲಿ ಸುತ್ತಿದ ಒಂದು ಹಸಿರು ಸರ್ಕ್ಯೂಟ್ ಬೋರ್ಡ್ ಇತ್ತು. ಎದುರಿನ ಆಸನದಲ್ಲಿದ್ದ ದಾವಣಗೆರೆಯ ಹೆಂಗಸು ಮಧ್ಯಾಹ್ನ ತಮ್ಮ ಬುತ್ತಿ ಬಿಚ್ಚಿ, "ನೀವೂ ಬಿಚ್ಚ್ರಿ, ಹಂಚಿಕೊಂಡು ಉಣ್ಣೋಣು" ಎಂದಾಗ ನಾನು ಮುಚ್ಚಳ ತೆಗೆದು ತೋರಿಸಬೇಕಾಯಿತು. ಅವರು ಇಣುಕಿ ನೋಡಿ, "ಇದನ್ನ ಅರಗಿಸಿಕೊಳ್ಳಾಕ ಮುಂಬಯಿಗೇ ಹೋಗಬೇಕು ಬಿಡ್ರಿ" ಎಂದು ನಕ್ಕು, ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟರು.

ಪ್ರಯಾಣದ ಕಾರಣವನ್ನು ಇಲ್ಲಿಯೇ ಹೇಳಿಬಿಡುವುದು ಕ್ರಮ. ನಾನು ಹಿಂದೆ ಮುಂಬಯಿಯ ವಡಾಲದ ನಗರಪಾಲಿಕೆ ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಸ್ವಯಂ ನಿವೃತ್ತಿ ಪಡೆದು ಊರಿಗೆ ಮರಳಿದ ಮೇಲೆ, ತುಮಕೂರಿನ ಹೊರವಲಯದಲ್ಲಿರುವ ಅಂಧ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ ಹಿಡಿದೆ. ಆ ಶಾಲೆಯಲ್ಲಿ ಬ್ರೈಲ್ ಮುದ್ರಿಸುವ ಯಂತ್ರವೊಂದಿದೆ. ಅದು ದಪ್ಪ ಹಾಳೆಯ ಮೇಲೆ ಸಣ್ಣ ಸುತ್ತಿಗೆಗಳಿಂದ ಕುಟ್ಟಿ ಚುಕ್ಕಿಗಳನ್ನು ಎಬ್ಬಿಸುತ್ತದೆ. ಏಳನೆಯ ತರಗತಿಯ ಸಮಾಜ ವಿಜ್ಞಾನದ ಪುಸ್ತಕ ಅರ್ಧ ಮುದ್ರಣವಾಗಿದ್ದಾಗ, ಒಂದು ಹಾಳೆಯ ನಡುವಿನಲ್ಲಿಯೇ ಕೆಲವು ಸುತ್ತಿಗೆಗಳು ಏಳುವುದನ್ನು ನಿಲ್ಲಿಸಿದವು; ಒಂದೆರಡು ಸಾಲಿನ ಮೇಲೆ ಯಂತ್ರವನ್ನು ಆರಿಸಿದೆವು. ಒಂದು ಚುಕ್ಕಿ ಏಳದಿದ್ದರೆ ಬ್ರೈಲಿನಲ್ಲಿ ಅಕ್ಷರ ಅಳಿಸಿಹೋಗುವುದಿಲ್ಲ, ಬೇರೊಂದು ಅಕ್ಷರವಾಗುತ್ತದೆ. ನನ್ನೊಡನೆ ಕರಡು ತಿದ್ದುವ ನಾಗರತ್ನ ಹುಟ್ಟಿನಿಂದಲೇ ಕಣ್ಣಿಲ್ಲದವಳು. ಆ ಹಾಳೆಯ ಮೇಲೆ ಬೆರಳಾಡಿಸಿ, "ಮೇಡಂ, ಇಲ್ಲಿಂದ ಕೆಳಗೆ ಯಂತ್ರ ಹುಚ್ಚುಚ್ಚಾಗಿ ಮಾತಾಡ್ತಿದೆ" ಎಂದಳು.

ಯಂತ್ರ ತಯಾರಿಸಿದ ಕಂಪನಿ ಮುಚ್ಚಿಹೋಗಿತ್ತು. ಹೊಸ ಯಂತ್ರದ ಬೆಲೆ ಕೇಳಿದ ಮುಖ್ಯೋಪಾಧ್ಯಾಯಿನಿಯವರು ಧನ್ಯವಾದ ಹೇಳಿ ಫೋನ್ ಇಟ್ಟರು. ಬೇರೆ ಊರುಗಳ ಬ್ರೈಲ್ ಮುದ್ರಣಾಲಯಗಳಲ್ಲಿ ದಸರೆಯವರೆಗೆ ಸರದಿ ಇತ್ತು. ಊರಿನ ರಿಪೇರಿಯವರು ಬೋರ್ಡನ್ನು ಬಿಚ್ಚಿ ನೋಡಿ, ಸುತ್ತಿಗೆಗಳಿಗೆ ವಿದ್ಯುತ್ತನ್ನು ಹಂಚುವ ಎರಡು ಚಿಪ್‌ಗಳಲ್ಲಿ ಒಂದು ಸುಟ್ಟಿದೆಯೆಂದೂ, ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲವೆಂದೂ, ಮುಂಬಯಿಯಲ್ಲಿ ಸಿಕ್ಕರೆ ಸಿಕ್ಕಬಹುದೆಂದೂ ಹೇಳಿದರು. ಆಗ ಏಪ್ರಿಲ್ ತಿಂಗಳು. ಜೂನ್‌ನಲ್ಲಿ ಶಾಲೆ ತೆರೆದಾಗ ಹುಡುಗಿಯರ ಕೈಗೆ ಪುಸ್ತಕ ಸೇರಬೇಕಿತ್ತು. ಇಲ್ಲದಿದ್ದರೆ ಅವರು ಇಡೀ ವರ್ಷ ಒಂದು ವಿಷಯವನ್ನು ಕೇವಲ ಕೇಳಿ ಕಲಿಯಬೇಕಾಗುತ್ತಿತ್ತು.

ಮುಂಬಯಿ ಎಂದೊಡನೆ ನನಗೆ ನೆನಪಾದವಳು ಮಹಾದೇವಿ. ವಡಾಲದ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. ಅವಳ ತಂದೆ ವಿಜಯಪುರದ ಕಡೆಯಿಂದ ಬಂದು ಬಂದರಿನಲ್ಲಿ ಕೆಲಸಕ್ಕಿದ್ದರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವಳ ಉದ್ಯೋಗದ ಹೆಸರು ಓದಿದ್ದೆ: ಹಳತಾದ ಇಲೆಕ್ಟ್ರಾನಿಕ್ ಬಿಡಿಭಾಗಗಳ ನಿರ್ವಹಣಾಧಿಕಾರಿ. ಹಾಗೊಂದು ಉದ್ಯೋಗವಿದೆಯೆಂಬುದೇ ನನಗೆ ತಿಳಿದಿರಲಿಲ್ಲ. ಫೋನ್ ಮಾಡಿದಾಗ ಅವಳು, "ಬರ್ರಿ ಟೀಚರ್, ಬೋರ್ಡ್ ತಗೊಂಡ ಬರ್ರಿ" ಎಂದಳು. ಕೆಲಸ ಮುಗಿದಂತೆಯೇ ಎಂದು ನಾನು ಭಾವಿಸಿದೆ.

ಸ್ಲೀಪರ್ ದರ್ಜೆಯ ಟಿಕೆಟು ಐನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಹಾವೇರಿ ದಾಟುವವರೆಗೆ ಕಿಟಕಿಯಿಂದ ಬಿಸಿಗಾಳಿ ನುಗ್ಗುತ್ತಿತ್ತು. ಹುಬ್ಬಳ್ಳಿಯಲ್ಲಿ ಮಂಡಕ್ಕಿಯ ಗಿರಮಿಟ್ಟು ಕೊಂಡೆ. ಮೇಲೆ ಉದುರಿಸಿದ ಹಸಿ ಈರುಳ್ಳಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದಿತು. ಬೆಳಗಾವಿ ಕಳೆದ ಮೇಲೆ ಗಾಳಿ ತಂಪಾಯಿತು. ಡಬ್ಬಿಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟು ಮಲಗಿದೆ. ಮುಂಬಯಿಗೆ ಮೊದಲ ಸಲ ಕೆಲಸಕ್ಕೆಂದು ಹೊರಟಾಗಲೂ ಇದೇ ದಾರಿಯಲ್ಲಿ ಬಂದಿದ್ದೆ. ಆಗ ತಲೆಯ ಪಕ್ಕದಲ್ಲಿದ್ದುದು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿ.

ದಾದರಿನಲ್ಲಿ ಇಳಿದಾಗ ಬೆಳಕು ಹರಿಯುತ್ತಿತ್ತು. ಹೂವಿನ ಮಾರುಕಟ್ಟೆಯ ಚೆಂಡುಹೂವಿನ ವಾಸನೆ, ಅದರ ಹಿಂದೆಯೇ ಕೊಳೆತ ಎಲೆಯ ವಾಸನೆ, ಎರಡೂ ಮೊದಲಿನಂತೆಯೇ ಜೊತೆಯಾಗಿ ಬಂದವು. ಮಾಟುಂಗಾದ ಒಂದು ವಸತಿಗೃಹದಲ್ಲಿ ಚೀಲ ಇರಿಸಿ, ಸ್ನಾನ ಮುಗಿಸಿ, ಬಸ್ಸಿನಲ್ಲಿ ವಡಾಲಕ್ಕೆ ಹೋದೆ. ಮಹಾದೇವಿ ಮಧ್ಯಾಹ್ನ ಬರಹೇಳಿದ್ದಳು, ಕೈಯಲ್ಲಿ ಸಮಯವಿತ್ತು.

ಶಾಲೆಯ ಕಟ್ಟಡವಿದೆ, ಶಾಲೆಯಿಲ್ಲ. ಕನ್ನಡ ವಿಭಾಗಕ್ಕೆ ಮಕ್ಕಳು ಸಾಲದೆ ಅದನ್ನು ಮುಚ್ಚಿದ ಸುದ್ದಿ ನನಗೆ ತಿಳಿದಿತ್ತು. ಈಗ ನೆಲಮಹಡಿಯಲ್ಲಿ ಲಸಿಕೆ ಹಾಕುವ ಕೇಂದ್ರ. ನಾನು ಸಂಧಿಗಳನ್ನು ಕಲಿಸಿದ ಕೋಣೆಯಲ್ಲಿ ಎಳೆಗೂಸುಗಳು ಸರದಿಯಂತೆ ಅಳುತ್ತಿದ್ದವು. ಕಪ್ಪು ಹಲಗೆಯನ್ನು ಗೋಡೆಯಿಂದ ಕಿತ್ತಿರಲಿಲ್ಲ; ಅದರ ಮೇಲೆ ಲಸಿಕೆಯ ದಿನಗಳ ಪಟ್ಟಿಯನ್ನು ಅಂಟಿಸಿದ್ದರು. ಬಾಗಿಲಲ್ಲಿದ್ದ ನರ್ಸ್, "ಬಾಳ ಕುಠೇ?" ಎಂದು ಕೇಳಿದಳು. ಮಗು ಎಲ್ಲಿ ಎಂದು ಅದರ ಅರ್ಥ. ನನ್ನ ಮಕ್ಕಳೆಲ್ಲ ಇಲ್ಲಿಯೇ ಇದ್ದರು, ಈಗ ದೊಡ್ಡವರಾದರು ಎಂದು ನನಗೆ ಬರುವಷ್ಟು ಮರಾಠಿಯಲ್ಲಿ ಹೇಳಿ ಹೊರಬಂದೆ. ಅವಳಿಗೆ ಏನೂ ಅರ್ಥವಾಗಿರಲಾರದು.

ದಾದರಿಗೆ ಮರಳಿ, ಅಲ್ಲಿಂದ ಮಲಾಡ್‌ಗೆ ಲೋಕಲ್ ರೈಲು ಹಿಡಿದೆ. ಮಹಿಳೆಯರ ಬೋಗಿಯಲ್ಲಿ ಮಧ್ಯಾಹ್ನದ ಹೊತ್ತು ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಪಕ್ಕದಲ್ಲಿದ್ದವಳು ಮಡಿಲಲ್ಲಿ ಹಸಿಬಟಾಣಿ ಸುಲಿಯುತ್ತಿದ್ದಳು. ಮಹಾದೇವಿಯ ಕಚೇರಿ ಮಲಾಡ್ ನಿಲ್ದಾಣದಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ, ಒಂದು ಕೈಗಾರಿಕಾ ಕಟ್ಟಡದ ಮೂರನೆಯ ಮಹಡಿ. ಆಸ್ಪತ್ರೆಗಳ ರಕ್ತಪರೀಕ್ಷೆಯ ಯಂತ್ರಗಳನ್ನು ನೋಡಿಕೊಳ್ಳುವ ಕಂಪನಿ ಅದು. ಬಾಗಿಲಲ್ಲಿ ನಿಂತಿದ್ದ ನಡುವಯಸ್ಸಿನ ಹೆಂಗಸನ್ನು ನಾನು ಗುರುತಿಸಲಿಲ್ಲ. ಅವಳು ಬಗ್ಗಿ ಕಾಲು ಮುಟ್ಟಿದಾಗ, ನೆತ್ತಿಯ ಮೇಲಿನ ಎರಡು ಸುಳಿಗಳಿಂದ ಗುರುತಿಸಿದೆ. ಮೊದಲ ಬೆಂಚಿನವಳಾದ್ದರಿಂದ ಅವಳ ನೆತ್ತಿಯನ್ನು ವರ್ಷಗಟ್ಟಲೆ ನೋಡಿದ್ದೆ. ಮುಗಿದುಹೋದ ರೀಫಿಲ್ಲನ್ನೂ ಎಸೆಯದೆ ಕಂಪಾಸು ಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದ ಹುಡುಗಿ.

ಮೇಜಿನ ಮೇಲೆ ಡಬ್ಬಿ ತೆರೆದೆ. ಅವಳು ಹೌಹಾರಿದಳು.

"ಟೀಚರ್, ಇದೇನ್ರಿ! ರೇಷ್ಮಿ ಒಳಗ ಸುತ್ತೀರಿ?"

"ಮೆತ್ತಗಿರಲಿ ಎಂದು ಸುತ್ತಿದೆ. ಹೊಸ ಕಣ ಅದು."

"ಮೆತ್ತಗೇನೋ ಹೌದು. ಆದ್ರ ರೇಷ್ಮಿ ತಿಕ್ಕಿದ್ರ ಕರೆಂಟ್ ಹುಟ್ಟತದ. ಆ ಕರೆಂಟಿಗೆ ಚಿಪ್ ಸಾಯ್ತದ. ಒಂದು ಸತ್ತಿತ್ತು, ನೀವು ರೈಲಿನಾಗ ಇನ್ನೊಂದಕ್ಕೂ ಸುಪಾರಿ ಕೊಟ್ಟೀರಿ!"

ಮೈಯ ವಿದ್ಯುತ್ತು ನೆಲಕ್ಕಿಳಿಯಲೆಂದು ಮಣಿಕಟ್ಟಿಗೆ ಒಂದು ತಂತಿಯ ಪಟ್ಟಿ ಕಟ್ಟಿಕೊಂಡು, ಬೋರ್ಡನ್ನು ಉಪಕರಣಕ್ಕೆ ಜೋಡಿಸಿ ಪರೀಕ್ಷಿಸಿದಳು. "ಬಚ್ ಗಯಾ. ಎರಡನೇದು ಗಟ್ಟಿ ಜೀವ" ಎಂದಳು ಕಡೆಗೆ. ರವಿಕೆ ಕಣವನ್ನು ಮಡಚಿ ನನಗೇ ಹಿಂದಿರುಗಿಸಿದಳು. "ಇದನ್ನ ಹೊಲಿಸಿ ತೊಟ್ಕೋರಿ."

ಚಹಾ ಬಂದಿತು. ಅವಳು ತನ್ನ ಕೆಲಸವನ್ನು ವಿವರಿಸಿದಳು. ಪಾಲಿಟೆಕ್ನಿಕ್ ಮುಗಿಸಿ ಖರೀದಿ ವಿಭಾಗಕ್ಕೆ ಸೇರಿದಾಗ, ಬಿಡಿಭಾಗಗಳನ್ನು ತಯಾರಿಸುವವರಿಂದ ಬರುವ ಒಂದು ಬಗೆಯ ಸೂಚನಾಪತ್ರಗಳನ್ನು ಯಾರೂ ಓದದೆ ಬದಿಗಿಡುತ್ತಿದ್ದರಂತೆ: ಇಂಥ ಭಾಗವನ್ನು ಇನ್ನು ತಯಾರಿಸುವುದಿಲ್ಲ, ಬೇಕಾದವರು ಇಂಥ ದಿನದೊಳಗೆ ಕೊನೆಯದಾಗಿ ಕೊಳ್ಳಿರಿ. ಇವಳು ಓದತೊಡಗಿದಳು. ಆಸ್ಪತ್ರೆಯ ಯಂತ್ರ ಇಪ್ಪತ್ತು ವರ್ಷ ಬದುಕುತ್ತದೆ. ಅದರೊಳಗಿನ ಚಿಪ್ಪಿನ ತಯಾರಿಕೆ ಐದೇ ವರ್ಷಕ್ಕೆ ನಿಲ್ಲುತ್ತದೆ. ಉಳಿದ ಹದಿನೈದು ವರ್ಷಗಳಿಗೆ ಎಷ್ಟು ಬೇಕಾಗಬಹುದೆಂದು ಊಹಿಸಿ ಒಂದೇ ಸಲಕ್ಕೆ ಕೊಂಡು ಕಾಪಾಡುವುದೇ ಅವಳ ಉದ್ಯೋಗ.

"ಜಾಸ್ತಿ ತಗೊಂಡ್ರ ಕಂಪನಿ ಬೈತದ, ಕಮ್ಮಿ ತಗೊಂಡ್ರ ಆಸ್ಪತ್ರಿ ಬೈತದ. ಬರಾಬರ್ ತಗೊಂಡ್ರ ಯಾರೂ ನೆನಸಂಗಿಲ್ಲ" ಎಂದು ನಕ್ಕಳು.

ಆಮೇಲೆ ತನ್ನ ಉಗ್ರಾಣ ತೋರಿಸಿದಳು. ತೇವ ಸೋಕದಂತೆ ಗಾಜಿನ ಬಾಗಿಲು ಹಾಕಿದ ಕಪಾಟುಗಳು. ಒಳಗೆ ಬೆಳ್ಳಿಬಣ್ಣದ ಚೀಲಗಳ ಸಾಲು. ಹೊರಗೆ ಬೆವರು ಸುರಿಸುವ ಮುಂಬಯಿ, ಒಳಗೆ ಒಣಹವೆ. ಮೂರನೆಯ ಕಪಾಟಿನ ಮುಂದೆ ನಾನು ನಿಂತೆ. ನನ್ನ ಬೋರ್ಡಿನ ಚಿಪ್ಪಿನ ಸಂಖ್ಯೆಯನ್ನು ಊರಿನಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅದೇ ಸಂಖ್ಯೆ ಒಂದು ಚೀಲದ ಮೇಲಿತ್ತು. ರಕ್ತಪರೀಕ್ಷೆಯ ಯಂತ್ರದಲ್ಲಿ ಸಣ್ಣ ಕವಾಟಗಳನ್ನು ತೆರೆದು ಮುಚ್ಚುವ ಕೆಲಸಕ್ಕೂ ಅದೇ ಚಿಪ್ ಬೇಕಂತೆ.

"ಒಂದು ಕೊಡು, ಮಹಾದೇವಿ. ಒಂದೇ."

"ನಾ ಕೊಡಂಗಿಲ್ರಿ, ಟೀಚರ್."

"ಕೊಡಲು ನಿನಗೆ ಅಧಿಕಾರವಿಲ್ಲವೇ?"

"ಅದ. ಚಾವಿ ನನ್ನ ಕಡೇನೇ ಅದ." ಅವಳು ಧ್ವನಿ ಏರಿಸಲಿಲ್ಲ. "ಆದ್ರ ಇಲ್ಲಿರೋ ಒಂದೊಂದು ಪೀಸಿಗೂ ಒಂದೊಂದು ಮಶೀನ್ ಕಾಯಾಕ ಹತ್ತೇದ. ಲಾತೂರಿಂದು, ಸಾಂಗ್ಲಿದು. ಇವತ್ತು ನಿಮಗ ಕೊಟ್ರ, ಮುಂದೊಂದಿನ ಅಲ್ಲಿ ಯಾರದೋ ರಕ್ತದ ರಿಪೋರ್ಟ್ ಬರಂಗಿಲ್ಲ. ಅವರನ್ನ ನಾ ನೋಡಿಲ್ಲ, ನಿಮ್ಮನ್ನ ನೋಡೀನಿ. ಅಷ್ಟೇ ಫರಕ್."

ನನಗೆ ಸಿಟ್ಟು ಬಂದಿತು, ಬರಲಿಲ್ಲವೆಂದರೆ ಸುಳ್ಳಾದೀತು. ಇಷ್ಟು ದೂರ ಕರೆಸಿ ಗಾಜಿನ ಹಿಂದಿನಿಂದ ತೋರಿಸುವುದೇಕೆ ಎಂದು ಕೇಳಿಯೂಬಿಟ್ಟೆ. ಅವಳು ಕಪಾಟಿನ ಬಾಗಿಲಿಗೆ ಒಮ್ಮೆ ಕೈಯೊತ್ತಿ, ಅದು ಮುಚ್ಚಿದೆಯೆಂದು ಖಚಿತಪಡಿಸಿಕೊಂಡಳು. "ಇದನ್ನ ಕೊಡ್ತೀನಿ ಅಂತ ಕರೆದಿಲ್ರಿ. ಹುಡುಕಿ ಕೊಡ್ತೀನಿ ಅಂತ ಕರೆದೀನಿ. ನಾಳೆ ರಜಾ ಹಾಕೀನಿ" ಎಂದಳು.

ಮರುದಿನ ಗ್ರಾಂಟ್ ರೋಡ್ ನಿಲ್ದಾಣದ ಸೇತುವೆಯ ಮೇಲೆ ಭೇಟಿಯಾದೆವು. ಬೆನ್ನಿಗೆ ಚೀಲ, ತಲೆಗೆ ಟೋಪಿ; ಅವಳು ಬೆಟ್ಟ ಹತ್ತಲು ಹೊರಟವಳಂತಿದ್ದಳು. ಅಲ್ಲಿಂದ ಇಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಗೆ ನಡೆದೇ ಹೋಗಬಹುದು. ಹಿಂದೆ ನಾನು ಶಾಲೆಯ ರೇಡಿಯೋಗೆ ಗುಂಡಿ ಕೊಳ್ಳಲು ಅಲ್ಲಿಗೆ ಹೋಗಿದ್ದೆ. ಆಗ ಇಡೀ ರಸ್ತೆ ಬೆಸುಗೆಯ ಹೊಗೆಯ ವಾಸನೆ ಬೀರುತ್ತಿತ್ತು. ಈಗ ಮುಂದಿನ ಅಂಗಡಿಗಳೆಲ್ಲ ಮೊಬೈಲಿನ ಕವಚ, ಕ್ಯಾಮೆರಾ, ಬಣ್ಣದ ದೀಪದ ಸರ. ಬಿಡಿಭಾಗಗಳ ಅಂಗಡಿಗಳು ಓಣಿಯೊಳಗೆ, ಮೆಟ್ಟಿಲ ಕೆಳಗೆ ಸರಿದಿವೆ. ಮೊದಲ ಕೆಲವು ಅಂಗಡಿಗಳಲ್ಲಿ ಸಂಖ್ಯೆ ಕೇಳಿದೊಡನೆ ತಲೆಯಾಡಿಸಿದರು. ಒಬ್ಬ ಮುದುಕರು ಮಾತ್ರ ಸಂಖ್ಯೆಯನ್ನು ತಾವೂ ಒಮ್ಮೆ ಉಚ್ಚರಿಸಿ, ದೂರದ ನೆಂಟನ ಹೆಸರು ಕೇಳಿದವರಂತೆ ಮುಗುಳ್ನಕ್ಕರು.

ಮೆಟ್ಟಿಲ ಕೆಳಗಿನ ಅಂಗಡಿಯವನೊಬ್ಬ, "ಹೈ ನಾ, ಮೇಡಂ" ಎಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಸಾಲಾಗಿ ಜೋಡಿಸಿದ ಚಿಪ್‌ಗಳನ್ನು ಮುಂದಿಟ್ಟ. ಹೊಚ್ಚ ಹೊಸತು, ಅಚ್ಚಕಪ್ಪು ಮೈ, ಬಿಳಿಯ ಅಕ್ಷರಗಳು. ಸಂಖ್ಯೆ ಸರಿಯಾಗಿತ್ತು. ನಾನು ಆಗಲೇ ಪರ್ಸು ತೆರೆದಿದ್ದೆ. ಮಹಾದೇವಿ ನನ್ನ ಕೈಯನ್ನು ಹಿಡಿದು ನಿಲ್ಲಿಸಿ, ಚೀಲದಿಂದ ಒಂದು ಪುಟ್ಟ ಸೀಸೆ ಮತ್ತು ಕಿವಿಗೆ ಹಾಕುವ ಹತ್ತಿಯ ಕಡ್ಡಿ ತೆಗೆದಳು. ಸೀಸೆಯಲ್ಲಿದ್ದುದು ಅಸಿಟೋನ್, ಉಗುರಿನ ಬಣ್ಣ ತೆಗೆಯುವ ದ್ರವ.

"ಅರೆ ಮೇಡಂ, ನೇಲ್ ಪಾಲಿಶ್ ನಿಕಾಲ್ನೇ ಆಯೀ ಹೋ ಕ್ಯಾ?" ಎಂದ ಅಂಗಡಿಯವನು. ಉಗುರಿನ ಬಣ್ಣ ತೆಗೆಯಲು ಬಂದಿರೇನು ಎಂದು.

ಮಹಾದೇವಿ ಚಿಪ್ಪಿನ ಬೆನ್ನನ್ನು ಕಡ್ಡಿಯಿಂದ ಉಜ್ಜಿದಳು. ಹತ್ತಿ ಕಪ್ಪಾಯಿತು. ಬಿಳಿಯ ಅಕ್ಷರಗಳು ಕದಡಿದವು. ಅವುಗಳ ಕೆಳಗೆ ಉಪ್ಪುಕಾಗದದಿಂದ ತಿಕ್ಕಿದ ಗೀರುಗಳು ಕಂಡವು. ಅವಳು ಕಡ್ಡಿಯನ್ನು ಅವನ ಮುಂದೆ ಹಿಡಿದಳು. "ಭಾಯಿ, ನೇಲ್ ಪಾಲಿಶ್ ತೋ ಆಪ್‌ನೇ ಲಗಾಯಾ ಹೈ."

ಬಣ್ಣ ಹಚ್ಚಿದವರು ನೀವೇ ಅಲ್ಲವೇ ಎಂಬ ಮಾತಿಗೆ ಪಕ್ಕದ ಅಂಗಡಿಯವರೂ ನಕ್ಕರು. ಅವನೂ ನಕ್ಕ; ತಾನು ಬೇರೆಯವರಿಂದ ಕೊಂಡದ್ದು, ತನಗೇನು ಗೊತ್ತು ಎಂದು ಕೈಯೆತ್ತಿದ. ಗುಜರಿಗೆ ಬಂದ ಬೋರ್ಡುಗಳಿಂದ ಯಾವುದೋ ಚಿಪ್‌ಗಳನ್ನು ಕಿತ್ತು, ಹಳೆಯ ಸಂಖ್ಯೆಯನ್ನು ತಿಕ್ಕಿ ಅಳಿಸಿ, ಬೇಡಿಕೆಯಿರುವ ಸಂಖ್ಯೆಯನ್ನು ಅಚ್ಚೊತ್ತುವುದು ಈ ವ್ಯಾಪಾರದ ಒಂದು ರೋಗವೆಂದು ಮಹಾದೇವಿ ಹೇಳಿದಳು. ಅದನ್ನು ಹಾಕಿದ್ದರೆ ಉಳಿದ ಸುತ್ತಿಗೆಗಳೂ ಸುಟ್ಟುಹೋಗುತ್ತಿದ್ದವಂತೆ.

ಬಿಸಿಲು ನೆತ್ತಿಗೇರಿತ್ತು. ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ನಿಂತೆವು. ನಾನು ಸೋತ ಮನಸ್ಸಿನಿಂದ, ಮರುದಿನದ ರೈಲಿಗೆ ಹೊರಡುತ್ತೇನೆ ಎಂದೆ. ಅವಳು ಗ್ಲಾಸು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, "ಪೀಸ್ ಹುಡುಕೋದು ಆತು. ಈಗ ಅದು ಕುಂತಿದ್ದ ಮನಿ ಹುಡುಕೋಣ" ಎಂದಳು. ಮಾರುಕಟ್ಟೆಯಲ್ಲಿ ಚಿಪ್ ಸಿಗದಿದ್ದಾಗ, ಹಿಂದೆ ಅದನ್ನು ಯಾವ ಯಾವ ಯಂತ್ರಗಳಲ್ಲಿ ಹಾಕುತ್ತಿದ್ದರೆಂದು ನೆನೆದು, ಅಂಥ ಯಂತ್ರದ ಒಂದು ಹೆಣವಾದರೂ ಎಲ್ಲಿದೆಯೆಂದು ಹುಡುಕುವುದು ಅವಳ ಕೆಲಸದ ರೀತಿ. "ಚುಕ್ಕಿ ಹೊಡೆಯೋ ಪ್ರಿಂಟರಿನಾಗ ಇರ್ತಿತ್ತು. ಬಸ್ ಟಿಕೆಟ್ ಮಶೀನ್ ಅಲ್ಲ, ಅದು ಆಮೇಲಿಂದು. ಎಸ್‌ಟಿಡಿ ಬೂತಿನಾಗ ಬಿಲ್ ಹೊಡೀತಿತ್ತಲ್ಲ, ಕೆಂಪು ಅಂಕಿದು..."

ಅವಳು ಮಾತು ಮುಗಿಸುವ ಮೊದಲೇ ಆ ಸದ್ದು ನನ್ನ ಕಿವಿಯಲ್ಲಿತ್ತು. ಸಾಂತಾಕ್ರೂಜ್ ನಿಲ್ದಾಣದ ಪೂರ್ವ ದಿಕ್ಕಿಗೆ ಉಡುಪಿಯ ಕಡೆಯ ಶೇಖರಣ್ಣನ ಹೋಟೆಲು. ಅದರ ಬದಿಗೆ, ಹಳದಿ ಫಲಕದ ಕೆಳಗೆ, ಗಾಜಿನ ಬಾಗಿಲಿನ ಒಂದು ಬೂತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹತ್ತಿರದಲ್ಲಿಯೇ ಒಂದು ಮನೆಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಭಾನುವಾರ ದರ ಕಡಿಮೆಯೆಂದು ಸಂಜೆ ಅಲ್ಲಿ ಸರದಿ ನಿಲ್ಲುತ್ತಿದ್ದೆ. ಅಮ್ಮ ತುಮಕೂರಿನಲ್ಲಿ ಪಕ್ಕದ ಮನೆಯ ಫೋನಿನ ಮುಂದೆ ಕಾದಿರುತ್ತಿದ್ದರು. ಕೆಂಪು ಅಂಕಿಗಳು ಏರುವುದನ್ನು ನೋಡುತ್ತಲೇ ಮಾತಾಡುವುದು. ರಿಸೀವರ್ ಇಟ್ಟೊಡನೆ ಯಂತ್ರ ಕಟಕಟನೆ ಬಿಲ್ಲು ಮುದ್ರಿಸುತ್ತಿತ್ತು. ಆ ಸದ್ದು ಕೇಳಿದರೆ ಇನ್ನೊಂದು ವಾರ ಕಳೆಯಬೇಕೆಂದು ಅರ್ಥ.

ಗ್ರಾಂಟ್ ರೋಡಿನಿಂದ ಸಾಂತಾಕ್ರೂಜ್‌ಗೆ ನಿಧಾನ ಲೋಕಲಿನಲ್ಲಿ ಹೋದೆವು. ಬೂತಿನ ಜಾಗದಲ್ಲಿ ಈಗ ಹಣ್ಣಿನ ರಸದ ಯಂತ್ರವಿದೆ, ಹೋಟೆಲು ಮಾತ್ರ ಹಾಗೆಯೇ ಇದೆ. ಗಲ್ಲಾದಲ್ಲಿ ಕುಳಿತಿದ್ದವರು ಶೇಖರಣ್ಣನ ಹೆಂಡತಿ ಜಲಜಕ್ಕ. ಬೂತನ್ನು ನಡೆಸುತ್ತಿದ್ದವರೂ ಅವರೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ದಿಟ್ಟಿಸಿ ನೋಡಿ, "ತುಮ್ಕೂರು ಅಲ್ವಾ? ಅಮ್ಮನ ಹತ್ರ ಬರೀ ಊಟದ್ದೇ ಮಾತಾಡುದು ನೀವು" ಎಂದರು. ಅಮ್ಮ ತೀರಿಕೊಂಡರೆಂದು ಹೇಳಿದೆ. ಅವರು ಕೇಳದೆಯೇ ಎರಡು ತಟ್ಟೆ ನೀರುದೋಸೆ ತರಿಸಿದರು.

ಬಿಲ್ಲಿನ ಯಂತ್ರದ ವಿಷಯ ಎತ್ತಿದೊಡನೆ ಅವರ ಮುಖ ಬಿಗಿಯಿತು.

"ಇವ್ರು ಕಳ್ಸಿದ್ದಾ ನಿಮ್ಮನ್ನು?"

"ಯಾರು?"

"ನಮ್ಮ ಯಜಮಾನ್ರು. ಎರಡು ಸರ್ತಿ ಗುಜರಿಯವನಿಗೆ ಕೊಡ್ಲಿಕ್ಕೆ ಹೊರಟದ್ದು ಇವ್ರು. ನಾನು ಅಡ್ಡ ನಿಂತು ಉಳಿಸಿದ್ದು. ಈಗ ಟೀಚರಮ್ಮನ್ನೇ ಕಳ್ಸಿದ್ರಾ ಮಾರಾಯ್ತಿ?"

ಅಲ್ಲವೆಂದು ನಂಬಿಸಲು ದೋಸೆ ಮುಗಿಯುವಷ್ಟು ಹೊತ್ತು ಬೇಕಾಯಿತು. ಅಂಧರ ಶಾಲೆಯ ಯಂತ್ರ, ಪುಸ್ತಕ, ಜೂನ್ ತಿಂಗಳು, ಎಲ್ಲವನ್ನೂ ಹೇಳಿದೆ. ಅವರು ಒಳಗೆ ಕರೆದೊಯ್ದರು. ಅಡುಗೆಮನೆಯಾಚೆಯ ಸಣ್ಣ ಕೋಣೆಯಲ್ಲಿ, ದೇವರ ಪಟಗಳ ಕೆಳಗಿನ ಹಲಗೆಯ ಮೇಲೆ ಯಂತ್ರವಿತ್ತು. ಮೇಲೆ ಅರಿಸಿನ ಕುಂಕುಮದ ಗುರುತು. ಪ್ರತಿ ಆಯುಧಪೂಜೆಗೂ ಹಿಟ್ಟು ರುಬ್ಬುವ ಯಂತ್ರದ ಜೊತೆ ಇದಕ್ಕೂ ಹೂವೇರಿಸುತ್ತಾರಂತೆ.

"ಮುಚ್ಚಳ ತೆಗೆದು ಬರೀ ನೋಡುದಾದ್ರೆ ನೋಡಿ" ಎಂದರು.

ಮಹಾದೇವಿ ಸ್ಕ್ರೂಗಳನ್ನು ಬಿಚ್ಚಿ, ಟಾರ್ಚು ಹಿಡಿದು ಇಣುಕಿದಳು. ಅದೇ ಸಂಖ್ಯೆ, ಕಾರ್ಖಾನೆಯಲ್ಲಿ ಒತ್ತಿದ ಅಕ್ಷರಗಳು. ಕಡ್ಡಿಯಿಂದ ಉಜ್ಜಿದಳು, ಹತ್ತಿ ಬೆಳ್ಳಗೇ ಉಳಿಯಿತು. ಆದರೆ ಚಿಪ್ ಜೀವಂತವಾಗಿದೆಯೇ ಎಂದು ತಿಳಿಯಲು ಯಂತ್ರವನ್ನು ನಡೆಸಿಯೇ ನೋಡಬೇಕಿತ್ತು. ಒಳಗಿನ ಭಾಗಗಳು ಉಬ್ಬಿಲ್ಲವೆಂದು ಪರೀಕ್ಷಿಸಿ ಪ್ಲಗ್ ಹಾಕಿದಳು. ಕೆಂಪು ಅಂಕಿಗಳು ಹೊತ್ತಿಕೊಂಡವು. ಒಂದು ಗುಂಡಿ ಒತ್ತಿದಾಗ, ಒಳಗೆ ಉಳಿದಿದ್ದ ಹಳದಿಗಟ್ಟಿದ ಕಾಗದದ ಸುರುಳಿಯ ಮೇಲೆ ಯಂತ್ರ ಕಟಕಟನೆ ಸೊನ್ನೆಗಳ ಒಂದು ಬಿಲ್ಲು ಹೊಡೆಯಿತು. ಶಾಯಿಯ ಪಟ್ಟಿ ಒಣಗಿದ್ದರಿಂದ ಅಚ್ಚು ಮೂಡಲಿಲ್ಲ, ಒತ್ತಿದ ಗುರುತು ಮಾತ್ರ.

ನನಗೆ ಹಿಗ್ಗಾಯಿತು. ಮಹಾದೇವಿಯೂ ನನ್ನತ್ತ ನೋಡಿ ಹುಬ್ಬೇರಿಸಿದಳು. ಜಲಜಕ್ಕ ಮಾತ್ರ ಬಾಯಿಗೆ ಸೆರಗು ಹಿಡಿದು ನಿಂತಿದ್ದರು.

"ಇಷ್ಟು ವರ್ಷ ಇದಕ್ಕೆ ಜೀವ ಇತ್ತಾ?" ಎಂದರು. "ಸತ್ತಿದೆ ಅಂತಲೇ ನಾನು ಇಟ್ಕೊಂಡದ್ದು. ಸತ್ತದ್ದಾದ್ರೆ ಬಿಚ್ಚಿ ಅಂತ ಹೇಳ್ತಿದ್ದೆ. ಉಸಿರಾಡುದನ್ನು ಹೇಗೆ ಬಿಚ್ಚುದು ಹೇಳಿ? ಬೇಡ. ಮುಚ್ಚಿ."

ಚಿಪ್ ಒಳ್ಳೆಯದೆಂದು ತಿಳಿಯಲು ಇದ್ದುದು ಅದೊಂದೇ ದಾರಿ; ಆ ದಾರಿಯಲ್ಲಿ ಹೋದದ್ದರಿಂದಲೇ ಅದು ಕೈತಪ್ಪಿತು. ಒತ್ತಾಯಿಸುವಂತೆ ನಾನು ಮಹಾದೇವಿಯತ್ತ ಕಣ್ಸನ್ನೆ ಮಾಡಿದೆ. ಅವಳು ತಲೆಯಾಡಿಸಿದಳು. "ಅವರ ಮಾಲು, ಅವರ ಮಾತು" ಎಂದು ಮೆಲ್ಲನೆ ಹೇಳಿ, ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸತೊಡಗಿದಳು.

ಅವಳು ತಿರುಗಿಸುತ್ತಿರುವಾಗ ನಾನು ಕೈಚೀಲದಿಂದ ಆ ಹಾಳೆಯನ್ನು ತೆಗೆದೆ. ಯಂತ್ರ ಕೆಟ್ಟಾಗ ಅದರಲ್ಲಿದ್ದ ಹಾಳೆ; ರಿಪೇರಿಯವರಿಗೆ ತೋರಿಸಲೆಂದು ತಂದದ್ದು. ಏನು ಹೇಳಬೇಕೆಂದು ತೋಚದೆ ಅದನ್ನು ಜಲಜಕ್ಕನ ಕೈಗೆ ಕೊಟ್ಟೆ. ಅವರು ತಿರುಗಿಸಿ ನೋಡಿದರು. "ಖಾಲಿ ಉಂಟಲ್ಲ?"

"ಬೆರಳಿನಿಂದ ನೋಡಿ."

ಅವರು ಕಣ್ಣುಮುಚ್ಚಿ ತೋರುಬೆರಳನ್ನು ಮೇಲಿನ ಸಾಲಿನ ಮೇಲೆ ಸರಿಸಿದರು. ಎರಡನೆಯ ಸಾಲು, ಮೂರನೆಯ ಸಾಲು. ಹಾಳೆಯ ನಡುವಿಗೆ ಬಂದು ಬೆರಳು ನಿಂತಿತು. ಹಿಂದಕ್ಕೆ ಸರಿದು, ಮತ್ತೊಮ್ಮೆ ಅದೇ ಜಾಗಕ್ಕೆ ಬಂದಿತು.

"ಇಲ್ಲಿ ಸಪಾಟು ಆಯ್ತಲ್ಲ. ಅರ್ಧಕ್ಕೇ ನಿಂತದ್ದಾ?"

"ಅರ್ಧಕ್ಕೇ ನಿಂತಿತು."

"ಏನು ಬರ್ದಿತ್ತು ಇದ್ರಲ್ಲಿ?"

"ಮಳೆಗಾಲದ ಮಾರುತಗಳು ಎಲ್ಲಿಂದ ಬರುತ್ತವೆ ಎಂಬ ಪಾಠ. ಬರುವವರೆಗೆ ಇದೆ, ಬಂದು ಏನಾಯಿತೆಂಬುದು ಇಲ್ಲ."

ಜಲಜಕ್ಕ ಹಲಗೆಯ ಅಂಚಿನ ಮೇಲೆ ಕುಳಿತರು. ಹಾಳೆ ಮಡಿಲಲ್ಲಿತ್ತು. ಯಾರಿಗೆಂದಿಲ್ಲದೆ ಹೇಳತೊಡಗಿದರು. ಮಳೆಗಾಲದಲ್ಲಿ ಫೋನು ನಡುವೆಯೇ ಕಡಿಯುತ್ತಿತ್ತು. ಹೋಟೆಲಿನ ಕೆಲಸದ ಹುಡುಗರು, ಕುಂದಾಪುರದವರು, ಕಾರ್ಕಳದವರು, ರಿಸೀವರ್ ಹಿಡಿದುಕೊಂಡೇ ನಿಂತಿರುತ್ತಿದ್ದರು. ಪುನಃ ಮಾಡಿಕೊಡಿ ಎಂದು ಕೇಳಲು ಅವರಿಗೆ ಸಂಕೋಚ. "ನಾನೇ ತಿರುಗಿ ಡಯಲ್ ಮಾಡಿ ಕೊಡ್ತಿದ್ದೆ. ಇವ್ರು ಬೈತಿದ್ರು, ನೀನು ಧರ್ಮಕ್ಕೆ ಬೂತು ಇಟ್ಟದ್ದಾ ಅಂತ. ಆದ್ರೆ ಒಬ್ಬ 'ಅಮ್ಮ ಹೇಗುಂಟು' ಅಂತ ಕೇಳಿ ಆಗಿದೆ, ಆಚೆಯಿಂದ ಉತ್ತರ ಬರ್ಲಿಲ್ಲ ಅಂದ್ರೆ ಅವ ಹೇಗೆ ನಿದ್ದೆ ಮಾಡುದು? ಅರ್ಧ ಮಾತಿನಲ್ಲಿ ಒಬ್ಬನನ್ನೂ ನಾನು ಹೊರಗೆ ಕಳ್ಸಿದ್ದಿಲ್ಲ."

ಎದ್ದು ನಿಂತು, ಮಹಾದೇವಿಯ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮುಟ್ಟಿದರು. "ಬಿಚ್ಚು, ಮಗಾ. ಇಲ್ಲಿಯೇ ಬಿಚ್ಚು, ನನ್ನ ಎದುರೇ. ಟಾರ್ಚು ನಾನು ಹಿಡೀತೇನೆ."

ಊಟದ ಗದ್ದಲ ಮುಗಿದಿತ್ತು, ಚಹಾದ ಗದ್ದಲ ಶುರುವಾಗಿರಲಿಲ್ಲ. ಬೆಸುಗೆಯ ಹೊಗೆ ಅಡುಗೆಮನೆಯ ಒಗ್ಗರಣೆಯ ವಾಸನೆಯೊಡನೆ ಬೆರೆಯಿತು. ಮಹಾದೇವಿ ಚಿಪ್ಪಿನ ಕಾಲುಗಳನ್ನು ಒಂದೊಂದಾಗಿ ಸಡಿಲಿಸಿ, ಎತ್ತಿ, ಬೆಳ್ಳಿಬಣ್ಣದ ಸಣ್ಣ ಚೀಲದೊಳಗೆ ಇಳಿಸಿದಳು. ನಾನು ಬೆಲೆಯ ಮಾತೆತ್ತಿದಾಗ ಜಲಜಕ್ಕ, "ನೀವು ಕೂತ್ಕೊಳ್ಳಿ ಟೀಚರಮ್ಮ" ಎಂದು ಗದರಿದರು. ಮುಚ್ಚಳ ಮೊದಲಿನಂತೆ ಕೂರಿಸಿ ಆಯಿತು. ಅವರು ಸೆರಗಿನಿಂದ ಅದರ ಮೈ ಒರೆಸಿ, ಅಳಿಸಿಹೋದ ಕುಂಕುಮವನ್ನು ಮತ್ತೆ ಇಟ್ಟರು.

ಅಷ್ಟರಲ್ಲಿ ಶೇಖರಣ್ಣ ತರಕಾರಿಯ ಚೀಲದೊಡನೆ ಬಂದರು. ಮೂಗೆಳೆದು, "ಎಂತ ಸುಟ್ಟ ವಾಸನೆ?" ಎಂದರು.

"ನಿಮ್ಮ ಮೂಗು" ಎಂದರು ಜಲಜಕ್ಕ. "ತೊಂಡೆಕಾಯಿ ಎಳೆಯದು ತಂದಿದ್ದೀರಾ ಇಲ್ವಾ?"

ಸಂಜೆ ಮಲಾಡಿನ ಕಚೇರಿಯಲ್ಲಿ ಮಹಾದೇವಿ ಆ ಚಿಪ್ಪನ್ನು ನನ್ನ ಬೋರ್ಡಿಗೆ ಬೆಸೆದು ಪರೀಕ್ಷಿಸಿದಳು. ಡಬ್ಬಿಯಲ್ಲಿ ಈ ಸಲ ಬೆಳ್ಳಿಬಣ್ಣದ ಚೀಲದೊಳಗೆ ಭದ್ರವಾಗಿ ಇರಿಸಿಕೊಟ್ಟಳು. ಮರುದಿನ ದಾದರಿಗೆ ಬಂದು ರೈಲು ಹತ್ತಿಸಿದಳು. ನೀರಿನ ಬಾಟಲಿ, ಚಿಕ್ಕಿಯ ಪೊಟ್ಟಣ ಕೊಟ್ಟು, ಕಿಟಕಿಯ ಸರಳು ಹಿಡಿದು ನಿಂತಳು. "ಆ ದಿನ ಸಿಟ್ಟಿಗೆದ್ರಿ, ಟೀಚರ್" ಎಂದಳು. ಹೌದೆಂದೆ. "ಇನ್ನೂ ಅದ ಏನ್ರಿ?" ಇಲ್ಲವೆಂದೆ, ಸಾಂಗ್ಲಿಯವರಿಗೆ ನಾನು ಕೇಳಿದೆನೆಂದು ಹೇಳು ಎಂದೆ. ಅವಳು ಬಾಯ್ತುಂಬ ನಕ್ಕಳು. ರೈಲು ಹೊರಟಾಗ ನಾಲ್ಕು ಹೆಜ್ಜೆ ಜೊತೆಗೆ ನಡೆದು, ಆಮೇಲೆ ಜನರ ನಡುವೆ ಕಾಣದಾದಳು.

ತುಮಕೂರಿನಲ್ಲಿ ಮಳೆ ಬರುವಂತೆ ಮೋಡ ಕವಿದಿತ್ತು. ನಿಲ್ದಾಣದಿಂದ ನೇರವಾಗಿ ಶಾಲೆಗೆ ಹೋದೆ. ರಿಪೇರಿಯವರು ಬಂದು ಬೋರ್ಡನ್ನು ಅದರ ಜಾಗದಲ್ಲಿ ಕೂರಿಸಿದರು. ರಜೆಯಾದ್ದರಿಂದ ಕೋಣೆಯಲ್ಲಿ ನಾಗರತ್ನ ಒಬ್ಬಳೇ ಇದ್ದಳು, ಯಂತ್ರದ ಪಕ್ಕದ ಸ್ಟೂಲಿನ ಮೇಲೆ. ಗುಂಡಿ ಒತ್ತಿದೊಡನೆ ಸುತ್ತಿಗೆಗಳು ಎದ್ದವು; ಗಾಜಿನ ಕಿಟಕಿ ಅದುರಿತು. ಮೊದಲ ಹಾಳೆ ಹೊರಬಂದಾಗ ಅವಳು ಎರಡೂ ಕೈಗಳಲ್ಲಿ ತೆಗೆದುಕೊಂಡು ಮಡಿಲಲ್ಲಿ ಹರಡಿದಳು. ತಪ್ಪು ಸಿಕ್ಕಲ್ಲಿ ಓದಿ ಹೇಳುವುದು ಅವಳ ಪದ್ಧತಿ. ನಾನು ಪೆನ್ನು ಹಿಡಿದು ಕಾದೆ. ಬೆರಳುಗಳು ಎಲ್ಲಿಯೂ ತಡೆಯದೆ ಒಂದೊಂದೇ ಸಾಲು ಇಳಿದು ಕೊನೆಯ ಸಾಲಿನ ತುದಿ ತಲುಪಿದವು. ಆಗ ಅವಳು ಯಂತ್ರದ ಕಡೆಗೆ ಮುಖ ತಿರುಗಿಸಿ, ಇನ್ನೂ ಅಚ್ಚಾಗುತ್ತಿದ್ದ ಮುಂದಿನ ಹಾಳೆಗೆ ಕೈಚಾಚಿದಳು.